ಮನೆ ಮಾರಿ ಮಗನನ್ನು ಓಡಿಸಿದವರು

ಅಂದು ಭಾನುವಾರ, 2021ರ ಆಗಸ್ಟ್ 1. ದೇವರ ದೀಪ ಹಚ್ಚಿ, ರಾತ್ರಿಯ ಹುಳಿಗೆ ಬೀನ್ಸ್ ಹಿಡಿದುಕೊಂಡು ಟಿ.ವಿ. ಮುಂದೆ ಕುಳಿತೆ. ಭಾನುವಾರ ಸಂಜೆಯ ಸಿನಿಮಾ ನನ್ನ ಪಾಲಿನದು ಅಂತ ನಮ್ಮ ಮನೆಯಲ್ಲಿ ಮೊದಲಿನಿಂದಲೂ ರೂಢಿ. ಆದರೆ ಅಂದು ರಿಮೋಟು ಮಗನ ಕೈಯಲ್ಲಿತ್ತು. "ಅಮ್ಮಾ, ಇವತ್ತೊಂದು ದಿನ ಬಿಡು, ಹಂಗೇರಿ ರೇಸು" ಅಂದ. ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುವ ಕಾರುಗಳಲ್ಲಿ ನೋಡುವುದೇನಿದೆಯೋ ಅಂತ ಗೊಣಗುತ್ತಲೇ ನಾರು ಬಿಡಿಸತೊಡಗಿದೆ.

ಅಲ್ಲಿ ಮಳೆ ಬಂದು ರಸ್ತೆಯೆಲ್ಲ ಒದ್ದೆ. ಮೊದಲನೇ ತಿರುವಿನಲ್ಲೇ ಕಾರುಗಳು ಒಂದಕ್ಕೊಂದು ಗುದ್ದಿ ಚೂರುಗಳು ಹಾರಿದವು. ಪಂದ್ಯ ನಿಲ್ಲಿಸಿದರು. ಮತ್ತೆ ಶುರುವಾಗುವ ಹೊತ್ತಿಗೆ ರಸ್ತೆ ಒಣಗಿತ್ತು. ಎಲ್ಲರೂ ಟೈರು ಬದಲಾಯಿಸಲು ಒಳಗೆ ಹೋದರು. ಲೂಯಿಸ್ ಹ್ಯಾಮಿಲ್ಟನ್ ಒಬ್ಬನೇ ಗೆರೆಯ ಮೇಲೆ ಒಂಟಿಯಾಗಿ ನಿಂತಿದ್ದ! ಮದುವೆಮನೆಗೆ ಎಲ್ಲರಿಗಿಂತ ಮೊದಲೇ ಬಂದವರ ಹಾಗೆ. ನನಗೂ ನಗು ಬಂತು. ಅವನೂ ಟೈರು ಬದಲಾಯಿಸಿ ಬರುವಷ್ಟರಲ್ಲಿ ಕೊನೆಗೆ ಬಿದ್ದಿದ್ದ. ಎಂಟನೆಯ ಸ್ಥಾನದಿಂದ ಹೊರಟಿದ್ದ ಎಸ್ತೆಬಾನ್ ಓಕಾನ್ ಎಂಬ ಫ್ರಾನ್ಸಿನ ಹುಡುಗ ಎಲ್ಲರಿಗಿಂತ ಮುಂದಾಗಿದ್ದ.

"ಯಾರೋ ಇವನು?" ಅಂದೆ.

"ಅವರಪ್ಪ ಅಮ್ಮ ಮನೆ ಮಾರಿ ಇವನನ್ನ ಓಡಿಸಿದ್ರು ಅಮ್ಮ" ಅಂದ ಮಗ, ಟಿ.ವಿ.ಯಿಂದ ಕಣ್ಣು ತೆಗೆಯದೆ.

ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಫ್ರಾನ್ಸಿನ ನಾರ್ಮಂಡಿ ಕಡೆ ಎವ್ರೂ ಅಂತ ಒಂದು ಊರು. 1996ರಲ್ಲಿ ಹುಟ್ಟಿದ ಈ ಹುಡುಗನ ತಂದೆ ಮೆಕ್ಯಾನಿಕ್, ಸ್ವಂತ ಗ್ಯಾರೇಜು. ಮಗನಿಗೆ ಚಿಕ್ಕಂದಿನಿಂದಲೇ ಗೋ-ಕಾರ್ಟ್ ಹುಚ್ಚು. ನೆಲಕ್ಕೆ ಅಂಟಿಕೊಂಡಂತೆ ಇರುವ ಪುಟ್ಟ ಗಾಡಿ ಅದು, ಆಟದ ಸಾಮಾನಿನ ಹಾಗೆ ಕಾಣುತ್ತದೆ. ಆದರೆ ದೊಡ್ಡ ರೇಸಿಗೆ ಹೋಗುವವರೆಲ್ಲ ಸಾಮಾನ್ಯವಾಗಿ ಅಕ್ಷರಾಭ್ಯಾಸ ಮಾಡುವುದು ಅದರಲ್ಲೇ. ಟೈರು, ಎಂಜಿನ್ನು, ಪ್ರವೇಶ ಶುಲ್ಕ, ಊರೂರಿಗೆ ಓಡಾಟ — ಮೆಕ್ಯಾನಿಕನ ಸಂಪಾದನೆಯಲ್ಲಿ ಎಷ್ಟು ದಿನ ನಡೆದೀತು? ಇದ್ದ ಮನೆಯನ್ನು ಮಾರಿದರು. ಒಂದು ಕಾರವಾನ್ ಸೇರಿದರು. ಅಂದರೆ ಗಾಲಿಯ ಮೇಲಿನ ಕೋಣೆ. ಅದರಲ್ಲೇ ಅಡಿಗೆ, ಅದರಲ್ಲೇ ಹಾಸಿಗೆ. ಈ ವಾರ ಈ ಊರಿನ ಪಂದ್ಯ, ಮುಂದಿನ ವಾರ ಇನ್ನೊಂದೂರು.

ಆ ತಾಯಿಯನ್ನೇ ನೆನೆಸಿಕೊಂಡೆ. ಮನೆ ಖಾಲಿ ಮಾಡುವಾಗ ಯಾವ ಪಾತ್ರೆ ಇಟ್ಟುಕೊಂಡಳೋ, ಯಾವುದನ್ನು ಕೊಟ್ಟುಬಿಟ್ಟಳೋ! ಬಾಡಿಗೆ ಮನೆ ಬದಲಾಯಿಸುವಾಗಲೇ ನಮಗೆ ಅಟ್ಟದ ಮೇಲಿನ ಕೊಳದಪ್ಪಲೆಯನ್ನು ಬಿಡಲು ಮನಸ್ಸು ಬರುವುದಿಲ್ಲ, ಅಲ್ಲವೇ?

ಹುಡುಗ ನಿರಾಸೆ ಮಾಡಲಿಲ್ಲ. ಕಾರ್ಟ್ ಆದಮೇಲೆ ಒಬ್ಬರೇ ಕೂರುವ ಸಣ್ಣ ಫಾರ್ಮುಲಾ ಕಾರುಗಳು. ಅದರಲ್ಲೂ ನಮ್ಮ ಶಾಲೆಗಳ ಹಾಗೆ ತರಗತಿಗಳಿವೆ. ಓಟ ನೋಡಿ ಕೈಹಿಡಿದ ಒಂದು ಸಂಸ್ಥೆಯವರು ಖರ್ಚಿಗೆ ಹೆಗಲು ಕೊಟ್ಟರು, ಆಮೇಲೆ ಮರ್ಸಿಡಿಸ್‌ನವರು. 2014ರಲ್ಲಿ ಯುರೋಪಿನ ಫಾರ್ಮುಲಾ ತ್ರೀಯಲ್ಲಿ ಮೊದಲ ಸ್ಥಾನ ಪಡೆದ. ಆ ವರ್ಷ ಇವನ ಹಿಂದೆ ಮೂರನೆಯವನಾಗಿ ಬಂದವನು ಯಾರು ಗೊತ್ತೇ? ಮುಂದೆ ಜಗತ್ತೇ ಗೆದ್ದ ಮ್ಯಾಕ್ಸ್ ವರ್ಸ್ಟಾಪನ್! ಅವನ ತಂದೆಯೂ ಹಿಂದೆ ಫಾರ್ಮುಲಾ ಒನ್‌ನಲ್ಲಿ ಓಡಿಸಿದ್ದವರು. ಮೂರನೆಯವನು 2015ರಲ್ಲೇ ಮೇಲಿನ ತರಗತಿಗೆ ಹೋದ. ಮೊದಲನೆಯವನು ಇನ್ನೊಂದು ಪರೀಕ್ಷೆಗೆ ಕೂತ. ಅದೇ 2015ರಲ್ಲಿ ಜಿ.ಪಿ. ತ್ರೀ ಎಂಬ ಪಂದ್ಯಮಾಲೆಯನ್ನೂ ಗೆದ್ದು, 2016ರ ಆಗಸ್ಟ್‌ನಲ್ಲಿ ಬೆಲ್ಜಿಯಂನಲ್ಲಿ ಫಾರ್ಮುಲಾ ಒನ್ ಕಾರು ಹತ್ತಿದ. ಆಗ ಅಲ್ಲಿದ್ದುದು 22 ಸೀಟು. ಇವನಿಗೆ ಸಿಕ್ಕಿದ್ದು ಬಡ ತಂಡ, ಮರುವರ್ಷವೇ ಬಾಗಿಲು ಹಾಕಿತು.

2017ಕ್ಕೆ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಪಾಲುದಾರರಾಗಿದ್ದ ಫೋರ್ಸ್ ಇಂಡಿಯಾ ತಂಡ ಸೇರಿದ. ಮೊದಲ ಪಂದ್ಯದಿಂದ ಲೆಕ್ಕ ಹಾಕಿದರೆ ಸಾಲಾಗಿ 27 ಪಂದ್ಯ ಒಂದನ್ನೂ ಅರ್ಧಕ್ಕೆ ಬಿಡದೆ ಮುಗಿಸಿದನಂತೆ. ಎತ್ತರದ ಹುಡುಗ, ಆರಡಿಗೂ ಮೇಲೆ. ಕಾರು ಹಗುರವಿರಬೇಕು ಅಂತ ಅಂಥವರು ಅರೆಹೊಟ್ಟೆಯಲ್ಲೇ ಇರಬೇಕಾಗುತ್ತಿತ್ತಂತೆ. 2019ರಲ್ಲಿ ಚಾಲಕ ಮತ್ತು ಸೀಟಿಗೆ ಸೇರಿ ಕನಿಷ್ಠ 80 ಕೆ.ಜಿ. ಅಂತ ನಿಯಮ ಮಾಡಿದ ಮೇಲೆ ಎರಡು ತುತ್ತು ಹೆಚ್ಚಿಗೆ ಇಳಿಯಿತು. ಪಾಪ, ತಾಯಂದಿರ ಹೊಟ್ಟೆ ಎಷ್ಟು ಉರಿದಿರಬೇಕು!

ಆದರೆ 2018ರ ಜುಲೈನಲ್ಲಿ ಆ ತಂಡ ಸಾಲದಲ್ಲಿ ಮುಳುಗಿತು. ಕೊಂಡುಕೊಂಡ ಗುಂಪಿನ ಮುಖ್ಯಸ್ಥರು ಕೆನಡಾದ ಕೋಟ್ಯಧೀಶ ಲಾರೆನ್ಸ್ ಸ್ಟ್ರೋಲ್. ಅವರ ಮಗ ಲ್ಯಾನ್ಸ್ ಕೂಡ ಚಾಲಕನೇ. ಮರುವರ್ಷ ತಂಡದಲ್ಲಿ ಲ್ಯಾನ್ಸ್ ಬಂದ, ಓಕಾನ್ ಹೊರಬಿದ್ದ. ಒಬ್ಬ ತಂದೆ ಮಗನಿಗಾಗಿ ಮನೆ ಮಾರಿದ. ಇನ್ನೊಬ್ಬ ತಂದೆ ತಂಡವನ್ನೇ ಕೊಂಡ. ಲ್ಯಾನ್ಸ್‌ಗೆ ಓಡಿಸಲು ಬಾರದೆ ಅಲ್ಲ, 2016ರಲ್ಲಿ ಅವನೂ ಫಾರ್ಮುಲಾ ತ್ರೀ ಗೆದ್ದವನೇ. ಮಕ್ಕಳ ಮೇಲಿನ ಆಸೆಯೂ ಇಬ್ಬರದೂ ಒಂದೇ. ಆದರೂ ಆ ಕಾರವಾನ್ ನೆನಪಾಗಿ ನನಗೆ ಸಂಕಟವಾಯಿತು. 2019 ಪೂರ್ತಿ ಓಕಾನ್ ಮರ್ಸಿಡಿಸ್ ತಂಡದ ಬದಲಿ ಚಾಲಕನಾಗಿ ಕಾದು ಕೂತ. 2020ರಲ್ಲಿ ರೆನೋದವರು ಕರೆದರು. ಅದೇ ತಂಡ ಮರುವರ್ಷ ಆಲ್ಪೀನ್ ಅಂತ ಹೆಸರು ಬದಲಾಯಿಸಿಕೊಂಡಿತ್ತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ತವರಿನಿಂದ ಬಂದ ಹಣದಲ್ಲಿ ಕೊಂಡ ಮೂವತ್ತು-ನಲವತ್ತರ ಒಂದು ಸೈಟು ನನ್ನ ಹೆಸರಿನಲ್ಲಿದೆ. 2019ರಲ್ಲಿ ಮಗನಿಗೆ ಹದಿಮೂರು. ಬ್ಯಾಡ್ಮಿಂಟನ್ ಚೆನ್ನಾಗಿ ಆಡುತ್ತಿದ್ದ, ಜಿಲ್ಲಾ ಮಟ್ಟದಲ್ಲಿ ಗೆದ್ದು ಬಂದಿದ್ದ. ಹೇಳಿಕೊಡುತ್ತಿದ್ದವರು, "ಬೆಂಗಳೂರಲ್ಲಿ ಮನೆ ಮಾಡಿ, ಮೂರು ವರ್ಷ ಅಲ್ಲಿ ಆಡಿಸಿ" ಅಂದರು. ಇವರು ಸೈಟು ಮಾರಲು ಅರ್ಧ ಒಪ್ಪಿದ್ದರು. ನಾನು ಸಹಿ ಹಾಕುವುದಿಲ್ಲ ಅಂದೆ. ಹತ್ತನೇ ಕ್ಲಾಸು ಮುಗಿಯಲಿ ಆಮೇಲೆ ನೋಡೋಣ ಅಂದೆ. ಆಮೇಲೆ ಅನ್ನುವುದು ಬರಲೇ ಇಲ್ಲ. ರ‍್ಯಾಕೆಟ್ಟು ಅಟ್ಟ ಸೇರಿತು. ಅವನು ಅಳಲಿಲ್ಲ, ಜಗಳವಾಡಲಿಲ್ಲ.

ನಾನು ಮಾಡಿದ್ದು ತಪ್ಪು ಅಂತ ಈಗಲೂ ಪೂರ್ತಿ ಒಪ್ಪುವುದಿಲ್ಲ. ಓಕಾನ್ ಜೊತೆ ಕಾರ್ಟ್ ಓಡಿಸಿದ ಮಕ್ಕಳು ಎಷ್ಟೋ ಜನ. ಅವರ ಅಪ್ಪ ಅಮ್ಮಂದಿರೂ ಏನೇನು ಮಾರಿದ್ದರೋ, ಯಾವ ಪತ್ರಿಕೆಯವರು ಅದನ್ನು ಬರೆಯುತ್ತಾರೆ? ಆದರೆ ಆ ಸಂಜೆ ಬೀನ್ಸ್ ಹೆಚ್ಚಲು ಕೈ ಬರಲಿಲ್ಲ.

ಹಿಂದೆ ಸೆಬಾಸ್ಟಿಯನ್ ವೆಟ್ಟೆಲ್, ನಾಲ್ಕು ಸಲ ವಿಶ್ವ ಚಾಂಪಿಯನ್ ಆದವನು, ನೆರಳಿನ ಹಾಗೆ ಅಟ್ಟಿಸಿಕೊಂಡು ಬರುತ್ತಿದ್ದ. 70 ಸುತ್ತು. ಕೊನೆಗೆ ಎರಡು ಸೆಕೆಂಡೂ ಅಂತರವಿಲ್ಲದೆ ಓಕಾನ್ ಗೆದ್ದ. ಮಗ ಕುಣಿದಾಡಿಬಿಟ್ಟ. ನಾನೂ ಕಣ್ಣೊರೆಸಿಕೊಂಡೆ, ಸೆರಗಿನಲ್ಲಿ ಯಾರಿಗೂ ಕಾಣದ ಹಾಗೆ.

ಆಮೇಲೆ ಭಾನುವಾರದ ಸಿನಿಮಾ ನಾನೇ ಬಿಟ್ಟೆ. 2025ರ ಕೊನೆಯವರೆಗೂ ಫಾರ್ಮುಲಾ ಒನ್‌ನಲ್ಲಿ ಅವನಿಗೆ ಅದೊಂದೇ ಗೆಲುವು. ಆ ವರ್ಷ ಹಾಸ್ ಎಂಬ ಇನ್ನೊಂದು ತಂಡ ಸೇರಿದ. ನಮ್ಮ ಬೆಂಗಳೂರಿನ ಹುಡುಗ ಕುಶ್ ಮೈನಿ ಅದೇ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂದ ಒಂದು ಪಂದ್ಯ ಗೆದ್ದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆ. ಇವರು ನಕ್ಕರು.

ಆ ರಾತ್ರಿಯ ಒಂದು ಮಾತು ಉಳಿಯಿತು. ಹುಳಿ ಒಲೆಯ ಮೇಲಿಟ್ಟು ಬಂದು ಮಗನನ್ನು ಕೇಳಿದೆ, "ಬ್ಯಾಡ್ಮಿಂಟನ್ ವಿಷಯಕ್ಕೆ ನನ್ನ ಮೇಲೆ ಬೇಜಾರಿದೆಯೇನೋ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಇತ್ತಮ್ಮ" ಅಂದ.

"ಈಗ?"

"ಹುಳಿ ತಳ ಹಿಡೀತಿದೆ ನೋಡು ಹೋಗು" ಅಂದ.