ಮಾಂತ್ರಿಕನ ಗುದ್ದು

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 2014ರ ಆವೃತ್ತಿಯಲ್ಲಿ ಬರಿಗೈ ಗುದ್ದಿನ ಲೆಕ್ಕ ಬಹಳ ಸರಳ. ಒಂದಕ್ಕೆ ನಿಮ್ಮ ತೋಳ್ಬಲಕ್ಕೆ ಸಿಗುವ ಅಂಕ ಕೂಡಿಸಿದರೆ ಮುಗಿಯಿತು. ಆದರೆ ಮಾಂತ್ರಿಕನ ಪಾತ್ರ ಕಟ್ಟುವವರು ಬುದ್ಧಿಗೆ ಸುರಿಯಲೆಂದು ಬಲವನ್ನು 8ಕ್ಕೆ ಇಳಿಸಿರುತ್ತಾರೆ. ಎಂಟಕ್ಕೆ ಸಿಗುವುದು ಮೈನಸ್ ಒಂದು. ಒಂದರಲ್ಲಿ ಒಂದು ಹೋದರೆ ಸೊನ್ನೆ. ಬೆಂಕಿಯುಂಡೆ ಎಸೆದು ಊರನ್ನೇ ನಡುಗಿಸುವ ಪುಣ್ಯಾತ್ಮ ಕಸುವೆಲ್ಲ ಕೂಡಿಸಿ ಗುದ್ದಿದರೂ ಎದುರಿನವನ ಕೂದಲೂ ಕೊಂಕುವುದಿಲ್ಲ. ಅದೇ ಆವೃತ್ತಿಯ ನಿಯಮಪುಸ್ತಕದ ಕೊನೆಯಲ್ಲಿ ಬೆಕ್ಕಿಗೂ ಅಂಕಪಟ್ಟಿ ಇದೆ. ಬೆಕ್ಕು ಪರಚಿದರೆ ಒಂದು ಪೆಟ್ಟು.

ಹೊಸ ಆವೃತ್ತಿಗಳಲ್ಲಿ ಸಣ್ಣಪುಟ್ಟ ಮಂತ್ರಗಳು ಖರ್ಚಾಗುವುದೇ ಇಲ್ಲವಾದ್ದರಿಂದ ಮಾಂತ್ರಿಕನಿಗೆ ಕೈ ಎತ್ತುವ ಪ್ರಸಂಗ ಅಪರೂಪ. ನಮ್ಮ ಆಟದಲ್ಲಿ ಒಮ್ಮೆ ಬಂತು. ಅರಮನೆಯ ಬಾಗಿಲಲ್ಲೇ ಕೋಲು, ಚಾಕು ಎಲ್ಲ ಇಸಕೊಂಡಿದ್ದರು. ಒಳಗೆ ಪುರೋಹಿತನೊಬ್ಬ ಸೈಲೆನ್ಸ್ ಮಂತ್ರ ಹಾಕಿದ. ಸುತ್ತ 20 ಅಡಿ ಸದ್ದಿಲ್ಲ. ಬಾಯಿಬಿಟ್ಟು ಹೇಳುವ ಮಂತ್ರ ಯಾವುದೂ ನಡೆಯುವಂತಿಲ್ಲ, ಬಾಗಿಲಿಗೆ ಕಾವಲುಗಾರ ಅಡ್ಡ. ಗುದ್ದುತ್ತೇನೆ ಎಂದೆ. ದಾಳದಲ್ಲಿ 18 ಬಿತ್ತು. ಮೇಜಿನ ಸುತ್ತ ಇದ್ದವರೆಲ್ಲ ಹೋ ಎಂದರು. ಆಮೇಲೆ ಲೆಕ್ಕ ಹಾಕಿದರೆ ಸೊನ್ನೆ. "ಒಂದಾದರೂ ಕೊಡೋ ಮಾರಾಯ" ಎಂದು ಗೆಳೆಯರು ಆಟ ನಡೆಸುವ ಡಿಎಂಗೆ ದುಂಬಾಲು ಬಿದ್ದರು. ಅವನು ಪುಸ್ತಕ ತೆಗೆದು ತೋರಿಸಿದ: ಪೆಟ್ಟು ಸೊನ್ನೆಯೂ ಆಗಬಹುದು, ಸೊನ್ನೆಗಿಂತ ಕೆಳಗೆ ಮಾತ್ರ ಇಳಿಯದು. ಎಂಥ ಔದಾರ್ಯ!

ಈ ದುರ್ಬಲತೆ ಹುಟ್ಟಿನಿಂದ ಬಂದದ್ದು. 1971ರ ಚೈನ್‌ಮೇಲ್ ಎಂಬ ಯುದ್ಧದಾಟದಲ್ಲಿ ಮಾಂತ್ರಿಕ ಅಂದರೆ ಹೆಚ್ಚುಕಡಿಮೆ ಒಂದು ಫಿರಂಗಿ. ದೂರದಿಂದ ಸಿಡಿಸುವುದೇ ಅವನ ಮುಖ್ಯ ಕೆಲಸ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದಾಗ ಆ ಫಿರಂಗಿಗೆ ಹೆಸರು, ಹೊಟ್ಟೆ, ಸಾಲ ಎಲ್ಲ ಬಂತು, ತೋಳು ಮಾತ್ರ ಬರಲಿಲ್ಲ. ಹೇಳಿದ ಮಂತ್ರ ಹೇಳಿದ ಕೂಡಲೇ ಮರೆತುಹೋಗುವ ನಿಯಮವನ್ನು ಗೈಗ್ಯಾಕ್ಸ್ ಜ್ಯಾಕ್ ವ್ಯಾನ್ಸ್‌ನ ಕಥೆಗಳಿಂದ ಎತ್ತಿಕೊಂಡ. ಕರ್ಣನ ಕಥೆ ಕೇಳಿ ಬೆಳೆದ ನಮಗೆ ಅದೇನೂ ವಿಚಿತ್ರ ಅನ್ನಿಸುವುದಿಲ್ಲ. ಆದರೆ ಅಸ್ತ್ರ ಮರೆತ ಕರ್ಣನ ಕೈಯಲ್ಲಿ ಬಿಲ್ಲಾದರೂ ಇತ್ತು.

2000ದಲ್ಲಿ ಬಂದ ಮೂರನೇ ಆವೃತ್ತಿ ಇನ್ನೂ ನಿರ್ದಯಿ. ಕಲಿಯದವನು ಬರಿಗೈಯಲ್ಲಿ ಗುದ್ದಲು ಹೋದರೆ ಆಯುಧ ಹಿಡಿದ ಎದುರಾಳಿಗೆ ಮೊದಲ ಏಟಿನ ಅವಕಾಶ. ಯಾರಾದರೂ ತಬ್ಬಿ ಹಿಡಿದರಂತೂ ಕೈಸನ್ನೆ ಬೇಕಾದ ಮಂತ್ರ ಕೈಬಿಟ್ಟಂತೆಯೇ. ಉಳಿದವಕ್ಕೂ 20ರ ಮೇಲೆ ಮಂತ್ರದ ಮಟ್ಟ ಕೂಡಿಸಿದಷ್ಟು ಅಂಕ ಮುಟ್ಟಬೇಕು. "ಗ್ರ್ಯಾಪಲ್" ಎಂದು ಯಾರಾದರೂ ಅಂದರೆ ಆಟ ನಿಂತು ಎಲ್ಲರೂ ಪುಸ್ತಕ ತಿರುವುತ್ತಿದ್ದರು. ಆ ಗೋಜಲಿನಲ್ಲೂ ನನಗೊಂದು ನ್ಯಾಯ ಕಾಣುತ್ತಿತ್ತು. 2014ರ ಆವೃತ್ತಿಯಲ್ಲಿ ಗಟ್ಟಿಯಾಗಿ ಹಿಡಿಸಿಕೊಂಡವನು ನಡೆಯಲಾರ, ಅಷ್ಟೇ. ಪೈಲ್ವಾನನ ಕಂಕುಳಲ್ಲಿ ಸಿಕ್ಕಿಕೊಂಡೇ ಬೆಂಕಿಯುಂಡೆ ಉರುಳಿಸಬಹುದು. ಇದು ನನಗೆ ಒಗ್ಗಿಲ್ಲ.

ಗೆಳೆಯರದು ಬೇರೆ ಸಲಹೆ: ಒಂದು ಮಟ್ಟ ಬರಿಗೈ ಕಾಳಗದ ಮಾಂಕ್ ವಿದ್ಯೆ ಕಲಿಸು, ಗುದ್ದಿಗೆ ಬೆಲೆ ಬರುತ್ತದೆ. ಬೇಡ. ಎಲ್ಲದಕ್ಕೂ ಒದಗುವ ಮಾಂತ್ರಿಕನ ಜೊತೆ ನನಗೆ ಬೇಜಾರು. ಅದಕ್ಕಿಂತ 2024ರ ಪುಸ್ತಕದ ದಾರಿ ವಾಸಿ: ಗುದ್ದುವ ಬದಲು ತಳ್ಳಿ ಕೆಡವಬಹುದು. ಎಂಟರ ಬಲದ ಹೊಸಬನನ್ನು ತಡೆಯಲು ಎದುರಿನವನಿಗೆ 9 ಬಂದರೆ ಸಾಕು, ಆದರೂ ದಾಳ ಕೈಕೊಟ್ಟರೆ ಕಾವಲುಗಾರ ನೆಲಕ್ಕೆ. ಬಡಕಲು ಮನುಷ್ಯ ಪ್ರಾಣಭಯದಲ್ಲಿ ಮಾಡುವುದು ಅದನ್ನೇ ತಾನೇ, ಗುರಿಯಿಟ್ಟು ಗುದ್ದುವುದಿಲ್ಲ, ಕಣ್ಣುಮುಚ್ಚಿ ನೂಕಿ ಓಡುತ್ತಾನೆ. ಹೊಸ ಪಾತ್ರದ ಹಾಳೆಯಲ್ಲೂ ಬಲದ ಮುಂದೆ 8 ಎಂದೇ ಬರೆದಿದ್ದೇನೆ.