ಹಾರುವ ಆಟದ ಸೊಗಸು

ಆಟವೆಂದರೆ ವ್ಯರ್ಥ ಕಾಲಹರಣವೆಂದು ಭಾವಿಸುವ ಹಿರಿಯರು ನಮ್ಮಲ್ಲಿ ಈಗಲೂ ಉಂಟು. ಅದರಲ್ಲಿಯೂ ತೆರೆಯ ಮೇಲೆ ಓಡುತ್ತ, ನೆಗೆಯುತ್ತ, ಹಳ್ಳಗಳನ್ನು ದಾಟುತ್ತ ಸಾಗುವ ವಿಡಿಯೋ ಆಟವೆಂದರೆ ಹೇಳಬೇಕಾದುದೇ ಇಲ್ಲ. ಕಳೆದ ಬೇಸಗೆಯ ರಜೆಯಲ್ಲಿ ನನ್ನ ತಮ್ಮನು ತನ್ನ ಹದಿಮೂರು ವರ್ಷದ ಮಗಳಿಗೆ ಅಂಥ ಆಟವನ್ನು ನಿಷೇಧಿಸಬೇಕೆಂದು ನಿಶ್ಚಯಿಸಿ, “ಅಕ್ಕಾ, ನೀನೇ ನೋಡಿ ಹೇಳು” ಎಂದು ತೀರ್ಪನ್ನು ನನಗೆ ಒಪ್ಪಿಸಿದನು. ನೋಡದೆ ತೀರ್ಪು ಹೇಳುವುದು ನ್ಯಾಯವಲ್ಲವಾದುದರಿಂದ ನಾಲ್ಕು ದಿನ ಅವಳ ಪಕ್ಕದಲ್ಲಿ ಕುಳಿತು ನೋಡಿದೆನು; ಆಡಿಯೂ ನೋಡಿದೆನು.

ನನಗೆ ಮೊದಲು ನೆನಪಾದುದು ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಸಾಸಲಿನ ಕುಂಟೆಬಿಲ್ಲೆ. ನೆಲದ ಮೇಲೆ ಮನೆಗಳನ್ನು ಗೀಚಿ, ಹೆಂಚಿನ ಚೂರನ್ನು ಬಿಲ್ಲೆಯಾಗಿ ಎಸೆದು, ಗೆರೆ ತುಳಿಯದಂತೆ ಒಂಟಿಕಾಲಿನಲ್ಲಿ ಕುಂಟಿ ಬರುವ ಆಟವದು. ಒಬ್ಬಳು ಗೆದ್ದ ಮನೆಯನ್ನು ಉಳಿದವರು ತುಳಿಯುವಂತಿಲ್ಲ, ಹಾರಿಯೇ ದಾಟಬೇಕು. ಗೆದ್ದ ಮನೆಗಳು ಹೆಚ್ಚಿದಂತೆಲ್ಲ ನೆಗೆತವು ದೂರವಾಗುವುದು, ಎದೆಯು ಡವಗುಟ್ಟುವುದು. ಜಪಾನಿನ ನಿಂಟೆಂಡೊ ಸಂಸ್ಥೆಯವರು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಹಳ್ಳಗಳೂ ಇದೇ ಜಾತಿಯವು.

ಇಂಥ ಆಟಗಳ ಸೊಗಸಿಗೆ ನನಗೆ ಮೂರು ಕಾರಣಗಳು ತೋರಿದವು. ಮೊದಲನೆಯದು, ತೆರೆಯ ಗೊಂಬೆಯು ಬೆರಳಿನ ಮಾತನ್ನು ಕೂಡಲೆ ಕೇಳುವುದು. ಗುಂಡಿಯನ್ನು ಮುಟ್ಟಿ ಬಿಟ್ಟರೆ ಮಾರಿಯೋ ಸ್ವಲ್ಪವೇ ಹಾರುವನು. ಒತ್ತಿ ಹಿಡಿದರೆ ಎತ್ತರಕ್ಕೆ ಹಾರುವನು. ಓಡಿ ಬಂದು ನೆಗೆದರೆ ಇನ್ನೂ ದೂರ ಹೋಗುವನು. ಈ ವಿಧೇಯತೆಯಿಲ್ಲದಿದ್ದರೆ ಎಷ್ಟು ಬಣ್ಣವಿದ್ದರೂ ಆಟವು ಬೇಸರವೇ ಸರಿ.

ಎರಡನೆಯದು, ವೇಗವು ದಾನವಾಗಿ ಬಾರದೆ ಸಂಪಾದನೆಯಾಗಿ ಬರುವುದು. 1991ರಲ್ಲಿ ಸೆಗಾ ಸಂಸ್ಥೆಯವರು ಹೊರಡಿಸಿದ ‘ಸಾನಿಕ್ ದ ಹೆಜ್‌ಹಾಗ್’ ಆಟದ ನೀಲಿಯ ಪ್ರಾಣಿಯು ಇಳಿಜಾರಿನಲ್ಲಿ ಉರುಳಿ, ಆ ಬಲದಿಂದಲೇ ಎದುರಿನ ಏರನ್ನು ಹತ್ತುವುದು. ದಾರಿಯನ್ನರಿಯದವಳು ತಡವರಿಸಿ ನಿಲ್ಲುವಳು. ಅರಿತವಳು, ಮಗ್ಗಿ ಬಾಯಿಗೆ ಬಂದವಳು ಲೆಕ್ಕದಲ್ಲಿ ಓಡುವಂತೆ, ತಡೆಯಿಲ್ಲದೆ ಓಡುವಳು.

ಮೂರನೆಯದು, ಸೋಲು ನ್ಯಾಯವಾಗಿರುವುದು. 2018ರಲ್ಲಿ ಬಂದ ‘ಸೆಲೆಸ್ಟ್’ ಎಂಬ ಆಟದಲ್ಲಿ ಮ್ಯಾಡಲಿನ್ ಎಂಬ ತರುಣಿಯು ತನ್ನ ಮನಸ್ಸಿನ ಕಳವಳದೊಡನೆ ಹೋರಾಡುತ್ತ ಪರ್ವತವನ್ನೇರುವಳು. ಬಿದ್ದರೆ ಕ್ಷಣಮಾತ್ರದಲ್ಲಿ ಅದೇ ಎಡೆಯಿಂದ ಮರಳಿ ಆರಂಭ. ಬೈಗುಳವಿಲ್ಲ, ಕಾಯುವ ಬೇಸರವಿಲ್ಲ. ಬಂಡೆಯ ಅಂಚನ್ನು ಮೀರಿದ ಮೇಲೆಯೂ ಎಣಿಕೆಗೆ ಸಿಕ್ಕದಷ್ಟು ಅಲ್ಪಕಾಲ ಹಾರಲು ಅವಕಾಶವನ್ನು ಅದರ ಕರ್ತೃಗಳು ಇರಿಸಿರುವರು. ಕಠಿಣವಾದ ಪರೀಕ್ಷೆಯೂ ದಯೆಯುಳ್ಳದ್ದಾಗಿರಬಹುದಲ್ಲವೆ? ನನ್ನ ಸೋದರಸೊಸೆಯು ಒಂದೇ ಕಂದಕದಲ್ಲಿ ಹತ್ತಾರು ಸಲ ಬಿದ್ದಳು, ಮುಖವು ಬಾಡಲಿಲ್ಲ. “ಅತ್ತೆ, ಈಗ ಗೊತ್ತಾಯಿತು, ಸ್ವಲ್ಪ ತಡೆದು ಹಾರಬೇಕು” ಎಂದಳು.

ಆ ಮಾತಿನಿಂದಲೇ ನನ್ನ ತೀರ್ಪು ಸಿದ್ಧವಾಯಿತು. ನಮ್ಮ ಕಾಲದ ಹಳ್ಳಿಯ ಹುಡುಗಿಯರಿಗೆ ಹದಿಮೂರು ತುಂಬುವಷ್ಟರಲ್ಲಿ ಅಂಗಳದ ಆಟವು ಮುಗಿಯುತ್ತಿತ್ತು. ದೊಡ್ಡವಳಾದಳು, ಇನ್ನು ಕುಣಿಯಬಾರದು ಎಂಬುದೇ ಕಟ್ಟಳೆ. ಬೀಳುವ ಅವಕಾಶವು ತಪ್ಪಿತು. ಅದರೊಡನೆ, ಬಿದ್ದರೂ ಏಳಬಹುದೆಂಬ ಧೈರ್ಯವೂ ಎಷ್ಟೋ ಮಂದಿಗೆ ತಪ್ಪಿತು. ಅದೇ ವಯಸ್ಸಿನ ಇನ್ನೊಬ್ಬಳಿಂದ ಆಟವನ್ನು ಕಸಿಯಬೇಡವೆಂದು ತಮ್ಮನಿಗೆ ಹೇಳಿದೆನು. ದಿನಕ್ಕೆ ಒಂದು ಗಂಟೆಯ ಮಿತಿಯನ್ನೂ ಸೂಚಿಸಿದೆನು. ಇಬ್ಬರೂ ಒಪ್ಪಿದರು.

ಆದರೂ ತೆರೆಯ ಆಟವು ಕಾಲಿಗೆ ಬಲವನ್ನು ಕೊಡದು. ಸರದಿಗಾಗಿ ಕಾದು ನಿಂತ ಗೆಳತಿಯರನ್ನೂ ಕೊಡದು. ಆದುದರಿಂದ, ಪ್ರಿಯ ಸೋದರಿಯರೇ, ತಾಯಿತಂದೆಗಳೇ, ಒಂದು ಸಂಜೆ ಮಗಳ ಪಕ್ಕದಲ್ಲಿ ಕುಳಿತು ಅವಳ ಆಟವನ್ನು ನೋಡಿರಿ. ಮರುದಿನ ಸಂಜೆ ಅಂಗಳದಲ್ಲಿ ನೀವೇ ಮನೆಗಳನ್ನು ಗೀಚಿ ಅವಳನ್ನು ಕರೆಯಿರಿ. ಗೆರೆ ತುಳಿದರೆ ಮಾತ್ರ ಅವಳು ನಿಮ್ಮನ್ನು ಬಿಡಳು.