ಒಂದೇ ಕುರ್ಚಿಯ ಕೋಣೆ

ಹಿಂದಿನ ಕೋಣೆಯಲ್ಲಿ ಎದೆಯೆತ್ತರದ ಎರಡು ಸ್ಪೀಕರ್‌ಗಳಿವೆ. ಅವುಗಳ ನಡುವೆ 8 ಅಡಿ. ಎರಡರಿಂದಲೂ 8 ಅಡಿ ದೂರಕ್ಕೆ ನನ್ನ ಕುರ್ಚಿ. ಅಲ್ಲಿ ಕೂತರೆ ಮಲ್ಲಿಕಾರ್ಜುನ ಮನ್ಸೂರರು ಎದುರಿಗೇ ಕೂತು ಹಾಡಿದಂತೆ. ಒಂದಡಿ ಪಕ್ಕಕ್ಕೆ ಸರಿದರೆ ದನಿಯೂ ಆ ಕಡೆಗೇ ವಾಲುತ್ತದೆ. ಹಾಗಾಗಿ ಇನ್ನೊಂದು ಕುರ್ಚಿ ಹಾಕಲೇ ಇಲ್ಲ.

"ಒಳಗೆ ಬಾರಮ್ಮ" ಎಂದರೆ ಅಮ್ಮ, "ಎಲ್ಲಿ ಕೂರ್ಲಿ? ಇಲ್ಲಿಗೇ ಕೇಳತ್ತೆ ಬಿಡು" ಎಂದು ಅಡುಗೆಮನೆಯಲ್ಲೇ ಉಳಿಯುತ್ತಿದ್ದಳು. ಹತ್ತು ವರ್ಷ ಹಾಗೇ ಕಳೆಯಿತು.

ಈಗ ಅವಳ ಎಡಗಿವಿ ಕೇಳುವುದಿಲ್ಲ. ಎರಡೂ ಕಿವಿಯಿಲ್ಲದೆ ಸ್ಟೀರಿಯೊ ಇಲ್ಲ. ನಾನು ಅಳೆದಿಟ್ಟ ಜಾಗದಿಂದ ಅವಳಿಗೆ ಪ್ರಯೋಜನವಿಲ್ಲ. ಆದರೂ ಮೊನ್ನೆ ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತೆ. ದನಿ ವಾಲಿತು. ಅಮ್ಮ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

"ಅಡುಗೆಮನೇಲಿ ತಂಬೂರಿ ಕೇಳ್ತಿರ್ಲಿಲ್ಲ ಕಣೋ" ಎಂದಳು.